ಮನಃಶಾಸ್ತ್ರ ಓದಬಯಸುವವರ ಮತ್ತು ಪೋಷಕರ ಗಮನಕ್ಕೆ

ಈ ವರ್ಷ ವಿದ್ಯಾರ್ಥಿವೇತನಕ್ಕೆ ಬಂದ ಅರ್ಜಿಗಳಲ್ಲಿ ಮನಃಶಾಸ್ತ್ರ ಆರಿಸಿಕೊಂಡವರು ಹಿಂದಿಗಿಂತ ಹೆಚ್ಚಿದ್ದಾರೆ. ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಸಂತೋಷದ ವಿಷಯ. ಆದರೆ ಸಂದರ್ಶನದಲ್ಲಿ “ಪದವಿ ಮುಗಿದ ಮೇಲೆ ಏನು?” ಎಂದು ಕೇಳಿದಾಗ ಸಿಕ್ಕ ಉತ್ತರಗಳು ಸಮಿತಿಯನ್ನು ಯೋಚನೆಗೆ ಹಚ್ಚಿದವು. “ಊರಲ್ಲೇ ಕೌನ್ಸೆಲಿಂಗ್ ಸೆಂಟರ್ ತೆರೆಯುತ್ತೇನೆ” ಎಂದವರು ಹಲವರು. ಜೊತೆಗೆ ಬಂದಿದ್ದ ತಂದೆಯೊಬ್ಬರು “ಮೂರು ವರ್ಷಕ್ಕೆ ಡಾಕ್ಟರ್ ಆಗ್ತಾಳಲ್ಲ ಸರ್” ಎಂದರು. ಎರಡೂ ಸರಿಯಲ್ಲ. ಕುಟುಂಬದ ಹಣ, ಟ್ರಸ್ಟ್‌ನ ಹಣ ಖರ್ಚಾಗುವ ಮುನ್ನ ಇದನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ಔಷಧಿ ಬರೆಯುವ ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ, ಆ ಮೇಲೆ ಮನೋವೈದ್ಯಕೀಯದಲ್ಲಿ ಎಂ.ಡಿ.ಯಂಥ ಸ್ನಾತಕೋತ್ತರ ಓದು ಮುಗಿಸಿದವರು. ಮನಃಶಾಸ್ತ್ರದ ದಾರಿ ಬೇರೆ. ಬಿ.ಎ. ಅಥವಾ ಬಿ.ಎಸ್ಸಿ., ನಂತರ ಎರಡು ವರ್ಷದ ಸ್ನಾತಕೋತ್ತರ ಪದವಿ, ಅದರ ಮೇಲೆ ಆಸ್ಪತ್ರೆಯಲ್ಲೇ ಎರಡು ವರ್ಷ ಮೇಲ್ವಿಚಾರಣೆಯ ತರಬೇತಿ ಇರುವ ಎಂ.ಫಿಲ್. ಚಿಕಿತ್ಸಾ ಮನಃಶಾಸ್ತ್ರಜ್ಞರಾಗಲು ಇದುವರೆಗಿನ ಮುಖ್ಯ ಹಾದಿ ಇದು. ಬೆಂಗಳೂರಿನಲ್ಲಿ ಈ ತರಬೇತಿ ಆರಂಭವಾದದ್ದು 1955ರಲ್ಲಿ, ಇಂದಿನ ನಿಮ್ಹಾನ್ಸ್‌ನ ಹಿಂದಿನ ರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ. 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇಲ್ಲದೆ ಚಿಕಿತ್ಸಾ ಮನಃಶಾಸ್ತ್ರಜ್ಞರಾಗಿ ಕೆಲಸ ಮಾಡುವುದು ಶಿಕ್ಷಾರ್ಹ. ಎಂ.ಫಿಲ್. ಈಗ ಬದಲಾವಣೆಯ ಹಂತದಲ್ಲಿದೆ, ಯುಜಿಸಿ ಇದಕ್ಕೆ 2025-26ರ ಪ್ರವೇಶದವರೆಗೆ ಮಾತ್ರ ಅವಧಿ ವಿಸ್ತರಿಸಿತ್ತು. ಹೀಗಾಗಿ ಸೇರುವ ವರ್ಷದ ಪರಿಷತ್ತಿನ ಸುತ್ತೋಲೆ ನೋಡದೆ ಯಾರ ಮಾತನ್ನೂ ನಂಬಬೇಡಿ, ಅಡ್ಮಿಶನ್ ಏಜೆಂಟರ ಮಾತನ್ನಂತೂ ಬೇಡವೇ ಬೇಡ.

ಹಾಗಾದರೆ ಪದವಿಯ ಕೊನೆಯ ವರ್ಷಗಳಲ್ಲಿ ಕಲಿಯುವುದೇನು? ಪಾಠದಷ್ಟೇ ತೂಕ ಪ್ರಯೋಗಾಲಯಕ್ಕೂ ಇದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದರು. (1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರ ಆರಂಭಿಸಿದವರೂ ಇವರೇ.) ಇಂದಿಗೂ ಕಾಲೇಜುಗಳಲ್ಲಿ ಮಾಡಿಸುವ ಒಂದು ಹಳೆಯ ಪ್ರಯೋಗ ಮುಲ್ಲರ್-ಲೈಯರ್ ಭ್ರಮೆ. ಎರಡು ಗೆರೆಗಳು. ಒಂದರ ತುದಿಗಳಲ್ಲಿ ಬಾಣದ ಮೊನೆ ಒಳಮುಖ, ಇನ್ನೊಂದರಲ್ಲಿ ಹೊರಮುಖ. ಒಬ್ಬ ವಿದ್ಯಾರ್ಥಿನಿ ಪ್ರಯೋಗ ನಡೆಸುತ್ತಾಳೆ, ಗೆಳತಿ ಎದುರು ಕುಳಿತು ಎರಡೂ ಸಮ ಎನ್ನಿಸುವವರೆಗೆ ಒಂದು ಗೆರೆಯನ್ನು ಸರಿಸುತ್ತಾಳೆ. ಆ ಮೇಲೆ ಸ್ಕೇಲಿನಲ್ಲಿ ಅಳೆದರೆ ಸಮ ಇರುವುದಿಲ್ಲ. ಹೀಗೆ ಮತ್ತೆ ಮತ್ತೆ, ಕೆಲವು ಸಲ ಉದ್ದದಿಂದ ಗಿಡ್ಡಕ್ಕೆ, ಕೆಲವು ಸಲ ಗಿಡ್ಡದಿಂದ ಉದ್ದಕ್ಕೆ ಸರಿಸಿ, ತಪ್ಪಿನ ಸರಾಸರಿ ತೆಗೆದು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಆಟದಂತೆ ಕಾಣುತ್ತದೆ. ಆದರೆ ಗೆರೆ ಸಮವಲ್ಲ ಎಂದು ಗೊತ್ತಾದ ಮೇಲೂ ಕಣ್ಣು ಹಾಗೆಯೇ ನೋಡುತ್ತದೆ ಎಂಬುದನ್ನು ಸ್ವತಃ ಅನುಭವಿಸಿದವಳು, ಮುಂದೆ “ನಾನು ಕಂಡದ್ದೇ ಸರಿ” ಎಂದು ಅವಸರದಲ್ಲಿ ಯಾರ ಬಗ್ಗೆಯೂ ತೀರ್ಪು ಕೊಡುವುದಿಲ್ಲ.

ಇನ್ನೊಂದು ಭಾಗ ಮನೋಪರೀಕ್ಷೆಗಳದ್ದು. ನಮ್ಮ ಮಕ್ಕಳಿಗೆ ಇಲ್ಲಿ ಭಾಷೆ ದೊಡ್ಡ ಪ್ರಶ್ನೆ. ಪಠ್ಯ ಇಂಗ್ಲಿಷಿನಲ್ಲಿ, ಶಾಲೆ ಕನ್ನಡದಲ್ಲಿ, ಮನೆಯಲ್ಲಿ ಉರ್ದು, ಬ್ಯಾರಿ ಅಥವಾ ನವಾಯತಿ. ಇಂಗ್ಲಿಷ್ ಪ್ರಶ್ನೆಯನ್ನು ಅಲ್ಲೇ ಬಾಯಿಗೆ ಬಂದಂತೆ ಅನುವಾದಿಸಿ ಕೇಳಿದರೆ ಬರುವ ಅಂಕಕ್ಕೆ ಬೆಲೆಯಿಲ್ಲ, ಏಕೆಂದರೆ ಹೋಲಿಸಲು ಆ ಭಾಷೆಯ ಮಕ್ಕಳ ಮಾನದಂಡ ಬೇಕು. ಇದನ್ನು ಬಹಳ ಮೊದಲೇ ಅರಿತವರು ವಿ.ವಿ. ಕಾಮತ್. 1930ರ ದಶಕದಲ್ಲಿ ಧಾರವಾಡದಲ್ಲಿ ಬಿನೆಯವರ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅಕ್ಷರ ಬಾರದವರಿಗೂ ಬಳಸಬಹುದಾದ, ಬಣ್ಣದ ಘನಗಳನ್ನು ಜೋಡಿಸುವಂಥ ಭಾಟಿಯಾ ಪರೀಕ್ಷೆ 1955ರದ್ದು. ರೋಗಿ ಅಳುವುದು ತನ್ನ ಮಾತೃಭಾಷೆಯಲ್ಲಿ. ಎರಡು ಮೂರು ಭಾಷೆ ಬಲ್ಲ ನಮ್ಮ ಹೆಣ್ಣುಮಕ್ಕಳು ಸರಿಯಾದ ತರಬೇತಿ ಪಡೆದರೆ ಅವರಷ್ಟು ಉಪಯುಕ್ತರು ಬೇರೆ ಸಿಗಲಾರರು.

ಕೊನೆಯದು ಕ್ಷೇತ್ರ ತರಬೇತಿ. ವಿಶೇಷ ಶಾಲೆ, ಆಸ್ಪತ್ರೆಯ ವಿಭಾಗ, ವೃದ್ಧಾಶ್ರಮ, ವ್ಯಸನಮುಕ್ತಿ ಕೇಂದ್ರ ಇತ್ಯಾದಿ. ಪದವಿ ವಿದ್ಯಾರ್ಥಿನಿ ಇಲ್ಲಿ ಚಿಕಿತ್ಸೆ ಕೊಡುವುದಿಲ್ಲ. ಹಿರಿಯರ ಪಕ್ಕದಲ್ಲಿ ಕುಳಿತು ನೋಡುತ್ತಾಳೆ, ರೋಗಿಯ ಹಿನ್ನೆಲೆ ಬರೆದುಕೊಳ್ಳುವುದನ್ನು ಕಲಿಯುತ್ತಾಳೆ, ಸಂಜೆ ಮೇಲ್ವಿಚಾರಕರಿಗೆ ಒಪ್ಪಿಸುತ್ತಾಳೆ. ಕೇಳಿದ್ದನ್ನು ಮನೆಯಲ್ಲಿ ಹೇಳುವಂತಿಲ್ಲ, ತಾಯಿ ಕೇಳಿದರೂ ಇಲ್ಲ. ಒಬ್ಬರ ಮನೆಯ ಸುದ್ದಿ ಇನ್ನೊಬ್ಬರಿಗೆ ಗೊತ್ತಿರುವ ನಮ್ಮ ಜಮಾಅತ್‌ಗಳಲ್ಲಿ ಇದು ಸುಲಭದ ಶಿಸ್ತಲ್ಲ. ಪೋಷಕರೂ ಮಗಳನ್ನು ನೆಂಟರಿಷ್ಟರ ಸಮಸ್ಯೆ ಬಗೆಹರಿಸಲು ಕರೆಯಬಾರದು. ಯಾರಿಗಾದರೂ ಇಂದೇ ನೆರವು ಬೇಕಿದ್ದರೆ ಸರಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ಇದೆ. ಕನ್ನಡದಲ್ಲೂ ಮಾತಾಡಬಹುದು.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಪ್ರಯೋಗಾಲಯ ತೋರಿಸಲು ಕೇಳಿ, ತರಬೇತಿಗೆ ಎಲ್ಲಿಗೆ ಕಳುಹಿಸುತ್ತಾರೆ, ಅಲ್ಲಿ ಯಾರು ಮೇಲ್ವಿಚಾರಕರು ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಕಾಲೇಜು ಹುಡುಕಿ. ರಾಜ್ಯದ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಕೆಲವು ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾನಿಲಯಗಳಲ್ಲಿ ನಾಲ್ಕನೇ ವರ್ಷದ ಆನರ್ಸ್ ಇದೆ, ಅದರಲ್ಲಿ ಸಂಶೋಧನಾ ಪ್ರಬಂಧವೂ ಇರಬಹುದು, ಶುಲ್ಕವೂ ಹೆಚ್ಚು. ದೂರಶಿಕ್ಷಣದಲ್ಲಿ ಮನಃಶಾಸ್ತ್ರ ಮಾಡುವ ಯೋಚನೆಯಿದ್ದರೆ ಬಿಟ್ಟುಬಿಡಿ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಇದನ್ನು ಕಲಿಸದಂತೆ ಯುಜಿಸಿ ತಡೆದಿದೆ. ಮದುವೆಯಾದ ಹೆಣ್ಣುಮಕ್ಕಳಿಗೆ ಇದರಿಂದ ಕಷ್ಟವಾಗಿದೆ ಎಂಬುದು ನಮಗೆ ಗೊತ್ತು.

ಶುಲ್ಕ ಕಟ್ಟಿದ ಮಾತ್ರಕ್ಕೆ ಖರ್ಚು ಮುಗಿಯುವುದಿಲ್ಲ. ತರಬೇತಿಯ ವಾರಗಳಲ್ಲಿ ನಗರದ ಹಾಸ್ಟೆಲ್, ಬಸ್ಸು, ರೆಕಾರ್ಡ್ ಪುಸ್ತಕಗಳ ಖರ್ಚು ಮೇಲೆ ಬೀಳುತ್ತದೆ. ಅದಕ್ಕೆ ಹೆದರಿ ಹತ್ತಿರದಲ್ಲೇ ಎಲ್ಲೋ ಸಹಿ ಹಾಕಿಸಿಕೊಂಡು ತರಬೇತಿ ಮುಗಿಸಿದವರನ್ನೂ ಕಂಡಿದ್ದೇವೆ. ಆದ್ದರಿಂದ ಮುಂದಿನ ಸಾಲಿನಿಂದ ಈ ಖರ್ಚನ್ನೂ ನೆರವಿನಲ್ಲಿ ಪರಿಗಣಿಸಲು ಸಮಿತಿ ತೀರ್ಮಾನಿಸಿದೆ. ಅಂತಿಮ ವರ್ಷದವರು ಅರ್ಜಿಯ ಜೊತೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ತರಬೇತಿ ನೀಡುವ ಸಂಸ್ಥೆಯ ಒಪ್ಪಿಗೆ ಪತ್ರ ಮತ್ತು ಮೇಲ್ವಿಚಾರಕರ ಅರ್ಹತೆಯ ವಿವರ ಲಗತ್ತಿಸಬೇಕು. ರೋಗಿಗಳ ಹೆಸರಿರುವ ಯಾವುದೇ ರೆಕಾರ್ಡ್ ಅಥವಾ ಫೋಟೋವನ್ನು ಕಚೇರಿಗೆ ಕಳುಹಿಸಬಾರದು.