ನಡೆವವರ ದಾರಿ, ಗಾಲಿಯ ದಾರಿ

ಸೊಲ್ಲಾಪುರದ ಸಿದ್ಧೇಶ್ವರ ಕೆರೆಯ ಹೆಸರು 12ನೆಯ ಶತಮಾನದ ಶಿವಯೋಗಿ ಸಿದ್ಧರಾಮರೊಡನೆ ಬೆಸೆದುಕೊಂಡಿದೆ. ಅದರ ಆಸುಪಾಸಿನ ದಾರಿಗಳಲ್ಲಿ ನಸುಕಿನ ಅಡ್ಡಾಟವು ಅನೇಕರಿಗೆ ನಿತ್ಯದ ವಾಡಿಕೆ. ಕೋಲೂರಿ ನಡೆಯುವ ವೃದ್ಧರು, ಓಟದ ಅಭ್ಯಾಸಕ್ಕೆ ಬಂದ ತರುಣರು, ನಾಯಿಯನ್ನು ಹಿಡಿದು ಬಂದವರು. ಇವರ ನಡುವೆ ಸೈಕಲ್ಲೇರಿದ ನಮ್ಮ ವಿದ್ಯಾರ್ಥಿಯೂ ಉಂಟು.

ತಾಸಿಗೆ 15 ಕಿಲೋಮೀಟರ್ ವೇಗದ ಸೈಕಲ್ಲು ಒಂದು ಸೆಕೆಂಡಿನಲ್ಲಿ 4 ಮೀಟರಿಗೂ ಹೆಚ್ಚು ಸಾಗುತ್ತದೆ. ಬೆನ್ನ ಹಿಂದೆಯೇ ಥಟ್ಟನೆ ಗಂಟೆ ಬಾರಿಸಿದರೆ ವೃದ್ಧರು ಬೆಚ್ಚಿ ಹೊರಳಿ ನೋಡುತ್ತಾರೆ. ಹೊರಳುವಾಗಲೇ ಹೆಜ್ಜೆ ಗಾಲಿಗೆ ಅಡ್ಡವಾಗುತ್ತದೆ. ತಪ್ಪು ಅವರದಲ್ಲ. ಆ ವಯಸ್ಸಿನಲ್ಲಿ ಬಿದ್ದು ಮುರಿದ ಎಲುಬು ಬೇಗನೆ ಕೂಡುವುದೂ ಇಲ್ಲ. ಆದುದರಿಂದ ಇಪ್ಪತ್ತು ಹೆಜ್ಜೆ ದೂರವಿರುವಾಗಲೇ ಗಂಟೆ ಬಾರಿಸಿ, ವೇಗ ತಗ್ಗಿಸಿ, “ಅಜ್ಜಾರ, ಬಲಗಡೆಯಿಂದ ಹೋಗ್ತೀನ್ರಿ” ಎಂದು ಹೇಳಿ ದಾಟಬೇಕು. ಇಕ್ಕಟ್ಟಾದ ಕಡೆ ಇಳಿದು ತಳ್ಳಿಕೊಂಡು ಹೋದರೆ ಮಾನವೇನೂ ಹೋಗದು! ಓಡುವವರಿಗೂ ಇದೇ ಮಾತು.

ನಾಯಿಯ ಉದ್ದನೆಯ ಹಗ್ಗವು ಮಬ್ಬುಬೆಳಕಿನಲ್ಲಿ ಕಾಣಿಸದು. ಅದನ್ನು ಗಿಡ್ಡವಾಗಿ ಹಿಡಿದು, ನಾಯಿಯನ್ನು ದಾರಿಯ ಅಂಚಿನ ಕಡೆಗೆ ನಡೆಸಬೇಕು.

ಸ್ವಾಮಿ ಸಮರ್ಥರ ದರ್ಶನಕ್ಕೆಂದು ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆಗೆ ಕಾಲ್ನಡಿಗೆಯಿಂದ ಹೋಗುವವರಿಗೆ ಮೋಟಾರುಗಳ ಭಯವೂ ಉಂಟು. ಕಾಲುದಾರಿಯಿಲ್ಲದೆಡೆ ರಸ್ತೆಯ ಬಲ ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ನಡೆದರೆ ಎದುರಿನ ವಾಹನ ಕಣ್ಣಿಗೆ ಬೀಳುತ್ತದೆ. ಸೈಕಲ್ಲಿನವರು ಎಡಕ್ಕೇ ಇರಬೇಕು. ಕತ್ತಲಲ್ಲಿ ದೀಪ ಬೇಕೇ ಬೇಕು.

ಪಾಲಕರು ಮಕ್ಕಳ ಸೈಕಲ್ಲಿನ ಬ್ರೇಕು, ಗಂಟೆಗಳನ್ನು ಈ ವಾರವೇ ಒಮ್ಮೆ ಪರೀಕ್ಷಿಸಿ ನೋಡಲಿ.