ನ್ಯೂಜಿಲೆಂಡಿನ ನಾಲ್ಕನೆಯ ಸಂಸತ್ತು ಮತ್ತು ಅದರ ಮಾವೋರಿ ಸದಸ್ಯರು

‘ಪ್ರತಿನಿಧಿ’ ಎಂಬ ಶಬ್ದವು ಇಂದು ರಾಜಕೀಯದ ಮಾತಾಗಿ ಸರ್ವತ್ರ ಬಳಕೆಯಲ್ಲಿದ್ದರೂ, ಶಾಸ್ತ್ರಗ್ರಂಥಗಳಲ್ಲಿ ಅದಕ್ಕೆ ಯಜ್ಞಸಂಬಂಧವಾದ ಅರ್ಥವುಂಟು. ಸೋಮಲತೆಯು ದೊರೆಯದಿದ್ದ ಪಕ್ಷದಲ್ಲಿ ಪೂತೀಕವನ್ನು ಬಳಸಬಹುದೆಂದು ವಿಧಿಯಿದೆ. ಹಾಗೆ ಬಂದ ದ್ರವ್ಯವು ಪ್ರತಿನಿಧಿ. ಅದು ಮೂಲದ್ರವ್ಯಕ್ಕೆ ಎಷ್ಟರಮಟ್ಟಿಗೆ ಸದೃಶವಾಗಿರಬೇಕೆಂಬುದನ್ನು ಮೀಮಾಂಸಕರು ದೀರ್ಘವಾಗಿ ಚರ್ಚಿಸಿದ್ದಾರೆ. ಐವತ್ತು ಸಾವಿರ ಜನರ ಸ್ಥಾನದಲ್ಲಿ ನಾಲ್ವರು ನಿಲ್ಲಬಲ್ಲರೆ, ಅವರ ಮಾತನ್ನೇ ಅರಿಯದ ಸಭೆಯಲ್ಲಿ ನಿಂತು ಏನನ್ನು ಸಾಧಿಸಬಲ್ಲರು ಎಂಬ ಪ್ರಶ್ನೆಯು 1868ರಲ್ಲಿ ಪೆಸಿಫಿಕ್ ಸಾಗರದ ದಕ್ಷಿಣದಲ್ಲಿರುವ ನ್ಯೂಜಿಲೆಂಡ್ ವಸಾಹತುವಿನಲ್ಲಿ ಪ್ರತ್ಯಕ್ಷವಾಗಿ ಎದುರಾಯಿತು.

ಆ ದ್ವೀಪಗಳ ಮೂಲನಿವಾಸಿಗಳು ಮಾವೋರಿಗಳು. 1840ರ ಫೆಬ್ರವರಿ 6ರಂದು ವೈತಂಗಿ ಎಂಬಲ್ಲಿ ಅವರ ನಾಯಕರು ಆಂಗ್ಲ ರಾಣಿಯ ಪರವಾಗಿ ಬಂದವರೊಡನೆ ಒಪ್ಪಂದವೊಂದಕ್ಕೆ ರುಜು ಹಾಕತೊಡಗಿದರು. ಒಪ್ಪಂದವು ಎರಡು ಭಾಷೆಗಳಲ್ಲಿತ್ತು. ಇಂಗ್ಲಿಷ್ ಪಾಠದಲ್ಲಿ ಸಾರ್ವಭೌಮತ್ವವನ್ನೇ ರಾಣಿಗೆ ಒಪ್ಪಿಸಿದಂತಿದ್ದರೆ, ಪಾದ್ರಿ ಹೆನ್ರಿ ವಿಲಿಯಮ್ಸನು ಸಿದ್ಧಪಡಿಸಿದ ಮಾವೋರಿ ಪಾಠದಲ್ಲಿ ‘ಕಾವನತಂಗ’ ಎಂಬ ಪದವಿತ್ತು. ಗವರ್ನರ್ ಎಂಬುದರ ಮಾವೋರಿ ರೂಪವಾದ ‘ಕಾವನ’ದಿಂದ ಕಟ್ಟಿದ ಈ ಪದಕ್ಕೆ ಗವರ್ನರನ ಆಡಳಿತವೆಂದಷ್ಟೇ ಅರ್ಥ. ಒಂದು ಪದದ ಅನುವಾದದಿಂದ ಹುಟ್ಟಿದ ತಕರಾರು ನೂರೆಂಬತ್ತು ವರ್ಷಗಳು ಕಳೆದರೂ ತೀರಿಲ್ಲ. ಭಾಷಾಂತರವನ್ನು ಸುಲಭದ ಕೆಲಸವೆಂದು ಬಗೆಯುವವರು ಇದನ್ನು ಗಮನಿಸಬೇಕು. ಅದೇ ಒಪ್ಪಂದದಲ್ಲಿ ಮಾವೋರಿಗಳಿಗೆ ಬ್ರಿಟಿಷ್ ಪ್ರಜೆಗಳ ಹಕ್ಕುಗಳೆಲ್ಲವೂ ದೊರೆಯತಕ್ಕವೆಂಬ ವಾಗ್ದಾನವೂ ಇತ್ತು.

1852ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈ ವಸಾಹತುವಿಗೆ ರಾಜ್ಯಾಂಗವನ್ನು ರಚಿಸಿಕೊಟ್ಟಿತು. ಗವರ್ನರನು, ನಾಮಕರಣಗೊಂಡ ಸದಸ್ಯರ ಮೇಲ್ಮನೆ, ಜನರಿಂದ ಚುನಾಯಿತವಾದ ಪ್ರತಿನಿಧಿಸಭೆ, ಇವು ಮೂರು ಸೇರಿ ಶಾಸನಸಭೆಯಾಯಿತು. 1854ರ ಮೇ 24ರಂದು ಆಕ್ಲೆಂಡ್ ನಗರದಲ್ಲಿ ಮೊದಲ ಬಾರಿ ಕೂಡಿದಾಗ ಪ್ರತಿನಿಧಿಸಭೆಯ ಸ್ಥಾನಗಳು 37. ಸಭೆಯ ಅವಧಿ ಐದು ವರ್ಷಗಳು. 1879ರಲ್ಲಿ ಅದನ್ನು ಮೂರು ವರ್ಷಗಳಿಗೆ ಇಳಿಸಲಾಯಿತು. ಇದೇ ರಾಣಿಯ ಆಳ್ವಿಕೆಯಲ್ಲಿದ್ದ ಮುಂಬಯಿ, ಮದರಾಸು ಪ್ರಾಂತಗಳಲ್ಲಿ 1861ರ ಕಾಯಿದೆಯಂತೆ ಏರ್ಪಟ್ಟ ಶಾಸನ ಪರಿಷತ್ತುಗಳಿಗೆ ಚುನಾವಣೆಯೆಂಬುದೇ ಇರಲಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬಹುದು.

ಮತಾಧಿಕಾರವು 21 ವರ್ಷ ತುಂಬಿದ ಪುರುಷರಿಗೆ. ಆದರೆ 50 ಪೌಂಡು ಬೆಲೆಯ ಸ್ವಂತ ಭೂಮಿಯೋ, ನಿಗದಿಯಾದ ಬಾಡಿಗೆಯ ಆಸ್ತಿಯೋ ಇರಬೇಕಿತ್ತು. ಇಲ್ಲಿ ಜಾತಿ ಜನಾಂಗಗಳ ಮಾತೇ ಇಲ್ಲ. ನೋಟಕ್ಕೆ ಸಮದೃಷ್ಟಿಯ ಕಾನೂನು. ಆದರೆ ಮಾವೋರಿಗಳಲ್ಲಿ ಭೂಮಿಯು ಕುಲದ ಸಮಷ್ಟಿ ಸ್ವತ್ತೇ ಹೊರತು ವ್ಯಕ್ತಿಯ ಸೊತ್ತಲ್ಲ. ವ್ಯಕ್ತಿಯ ಹೆಸರಿನ ಹಕ್ಕುಪತ್ರವಿಲ್ಲದ ಕಾರಣ, ದೇಶದ ಬಹುಭಾಗ ನೆಲವನ್ನು ಹೊಂದಿದ್ದ ಜನವೇ ಆಸ್ತಿಯಿಲ್ಲದವರೆಂದು ಗಣನೆಗೆ ಬಂದು ಮತಪಟ್ಟಿಯಿಂದ ಹೊರಗುಳಿಯಿತು. ಮಾವೋರಿ ಜಿಲ್ಲೆಗಳಲ್ಲಿ ಅವರದೇ ಕಟ್ಟಳೆಗಳು ನಡೆಯಬಹುದೆಂದು ರಾಜ್ಯಾಂಗದ 71ನೆಯ ವಿಧಿಯು ಹೇಳಿತ್ತಾದರೂ ಅದು ಕಾಗದದಲ್ಲಿಯೇ ಉಳಿಯಿತು. 1863ರಲ್ಲಿ ವೈಕಾತೊ ಪ್ರಾಂತದಲ್ಲಿ ಯುದ್ಧ ಹೊತ್ತಿತು; ಆ ವರ್ಷವೇ ಆದ ಕಾಯಿದೆಯ ಬಲದಿಂದ ದಂಗೆಯೆದ್ದವರೆಂದು ಹೇಳಿ ಅಪಾರ ಭೂಮಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು. 1865ರಲ್ಲಿ ಸ್ಥಾಪಿತವಾದ ಭೂನ್ಯಾಯಾಲಯವು ಕುಲದ ನೆಲವನ್ನು ವ್ಯಕ್ತಿಗಳ ಹೆಸರಿಗೆ ಒಡೆಯುವ ಕಾರ್ಯಕ್ಕೆ ತೊಡಗಿತು. ಹಾಗೆ ಒಡೆದ ನೆಲವು ಮಾರಾಟವಾಗಲು ತಡವಾಗಲಿಲ್ಲ.

ಇಂತಹ ಸಮಯದಲ್ಲಿ, 1866ರ ಚುನಾವಣೆಯಿಂದ, ನಾಲ್ಕನೆಯ ಸಂಸತ್ತು ಅಸ್ತಿತ್ವಕ್ಕೆ ಬಂದಿತು. ರಾಜಧಾನಿಯು ಅದರ ಹಿಂದಿನ ವರ್ಷವಷ್ಟೇ ಆಕ್ಲೆಂಡಿನಿಂದ ವೆಲಿಂಗ್ಟನ್ನಿಗೆ ಸಾಗಿತ್ತು. ಸದಸ್ಯರು 70 ಮಂದಿ. ಸಭಾಧ್ಯಕ್ಷ ಡೇವಿಡ್ ಮನ್ರೋ. ಪ್ರಧಾನಿ ಎಡ್ವರ್ಡ್ ಸ್ಟಾಫರ್ಡ್. ಚಿನ್ನದ ಗಣಿಗಾರರಿಗೆಂದೇ ಪ್ರತ್ಯೇಕ ಕ್ಷೇತ್ರವೊಂದಿದ್ದು, ಅಲ್ಲಿಂದ ಆರಿಸಿ ಬಂದವನು ಜೂಲಿಯಸ್ ವೋಗೆಲ್. 1869ರಲ್ಲಿ ಸ್ಟಾಫರ್ಡನ ಮಂತ್ರಿಮಂಡಲವು ಉರುಳಿ ವಿಲಿಯಂ ಫಾಕ್ಸನು ಬಂದ ಮೇಲೆ, ಈ ವೋಗೆಲ್ ಖಜಾನೆಯ ಮಂತ್ರಿಯಾಗಿ 1870ರಲ್ಲಿ ಕೋಟಿ ಪೌಂಡಿನ ಸಾಲದಿಂದ ರೈಲುಮಾರ್ಗಗಳನ್ನು ಹಾಸಿ ವಲಸಿಗರನ್ನು ಕರೆತರುವ ಯೋಜನೆಯನ್ನು ಮಂಡಿಸಿದನು. ಚರಿತ್ರಕಾರರು ಈ ಸಂಸತ್ತನ್ನು ಬಹುವಾಗಿ ನೆನೆಯುವುದು ಇದಕ್ಕಾಗಿ. ಅದಕ್ಕಿಂತ ಹಿರಿದಾದುದು 1867ರಲ್ಲಿಯೇ ನಡೆದುಹೋಗಿತ್ತು.

ಆ ವರ್ಷ ಡೊನಾಲ್ಡ್ ಮೆಕ್‌ಲೀನ್ ಎಂಬ ಸದಸ್ಯನು ಮಾವೋರಿ ಪ್ರಾತಿನಿಧ್ಯದ ಮಸೂದೆಯನ್ನು ತಂದನು. ಮಾವೋರಿ ಭಾಷೆಯನ್ನು ಚೆನ್ನಾಗಿ ಬಲ್ಲವನಾಗಿದ್ದ ಇವನು ಸರಕಾರದ ಪರವಾಗಿ ಅವರ ಭೂಮಿಯನ್ನು ಕೊಳ್ಳುವ ಅಧಿಕಾರಿಯಾಗಿದ್ದವನೂ ಹೌದು. ಮಸೂದೆಯು ಅಂಗೀಕೃತವಾದುದು ಕೇವಲ ಔದಾರ್ಯದಿಂದಲ್ಲ. ಯುದ್ಧದಲ್ಲಿ ಸರಕಾರದ ಪಕ್ಷದಲ್ಲಿ ನಿಂತ ಕುಲಗಳನ್ನು ಸಂತುಷ್ಟಗೊಳಿಸುವ ಎಣಿಕೆಯೊಂದು. ಭೂನ್ಯಾಯಾಲಯದಿಂದ ಹಕ್ಕುಪತ್ರ ಪಡೆದ ಮಾವೋರಿಗಳು ಸಾಮಾನ್ಯ ಮತಪಟ್ಟಿಗೆ ಸೇರಿದರೆ ಉತ್ತರ ದ್ವೀಪದ ಕೆಲವು ಕ್ಷೇತ್ರಗಳು ಬಿಳಿಯರ ಕೈತಪ್ಪಿಯಾವೆಂಬ ಭಯ ಮತ್ತೊಂದು. ಚಿನ್ನದ ಗಣಿಗಳಿಂದ ತುಂಬಿದ ದಕ್ಷಿಣ ದ್ವೀಪಕ್ಕೆ ಹೆಚ್ಚಿನ ಸ್ಥಾನಗಳು ದೊರೆಯುತ್ತಿದ್ದುದರಿಂದ ಉತ್ತರಕ್ಕೂ ತೂಕ ಕೂಡಲೆಂಬ ಲೆಕ್ಕಾಚಾರವೂ ಇತ್ತು.

ಕಾಯಿದೆಯು ಐದು ವರ್ಷಗಳ ಮಟ್ಟಿಗಿನ ತಾತ್ಕಾಲಿಕ ಏರ್ಪಾಡಾಗಿತ್ತು. ಉತ್ತರ ದ್ವೀಪಕ್ಕೆ ಮೂರು, ದಕ್ಷಿಣ ದ್ವೀಪಕ್ಕೆ ಒಂದರಂತೆ ನಾಲ್ಕು ಸ್ಥಾನಗಳು. ಅವುಗಳಿಗೆ 21 ವರ್ಷ ತುಂಬಿದ ಮಾವೋರಿ ಪುರುಷರೆಲ್ಲರೂ ಆಸ್ತಿಯ ನಿರ್ಬಂಧವಿಲ್ಲದೆ ಮತ ನೀಡಬಹುದಾಗಿತ್ತು. ಬಿಳಿಯ ಪುರುಷರೆಲ್ಲರಿಗೆ ಅಂತಹ ಮತಾಧಿಕಾರ ದೊರೆತದ್ದು 1879ರಲ್ಲಿ! ಆದರೆ ಸಂಖ್ಯೆಯನ್ನು ನೋಡಿದಾಗ ಈ ಔದಾರ್ಯದ ಬಣ್ಣ ಬಯಲಾಗುತ್ತದೆ. 1867ರ ಗಣತಿಯಲ್ಲಿ ಬಿಳಿಯರು 2 ಲಕ್ಷ 18 ಸಾವಿರಕ್ಕೆ ಮಿಗಿಲು, ಅವರಿಗೆ 72 ಸ್ಥಾನಗಳು. ಮಾವೋರಿಗಳು ಸುಮಾರು 50 ಸಾವಿರ, ಅವರಿಗೆ 4. ಅಲ್ಲಿ ಮೂರು ಸಾವಿರಕ್ಕೊಬ್ಬ, ಇಲ್ಲಿ ಹನ್ನೆರಡೂವರೆ ಸಾವಿರಕ್ಕೊಬ್ಬ.

1868ರಲ್ಲಿ ಆರಿಸಿ ಬಂದವರು ಉತ್ತರ ಕ್ಷೇತ್ರದಿಂದ ಫ್ರೆಡರಿಕ್ ನೇನೆ ರಸ್ಸೆಲ್, ಪಶ್ಚಿಮದಿಂದ ಮೆತೆ ಕೀಂಗಿ ಪಾಯೆತಾಹಿ, ಪೂರ್ವದಿಂದ ತಾರೆಹಾ ತೆ ಮೋಅನನೂಯಿ, ದಕ್ಷಿಣದಿಂದ ಜಾನ್ ಪ್ಯಾಟರ್ಸನ್. ರಸ್ಸೆಲನ ತಾಯಿ ಮಾವೋರಿ, ತಂದೆ ಬಿಳಿಯ ವರ್ತಕ. ಎರಡು ಲೋಕಗಳ ನಡುವೆ ಬೆಳೆದವನು. ಕೊನೆಯ ಹೆಸರನ್ನು ಕಂಡು ಆತನೂ ಬಿಳಿಯನೆಂದು ಭ್ರಮಿಸಬಾರದು. ಹೋಆನಿ ಪರಾತೆನೆ ಎಂಬುದರ ಇಂಗ್ಲಿಷ್ ರೂಪವದು.

ಸಭೆಯಲ್ಲಿ ಮೊದಲು ಮಾತನಾಡಿದ ಮಾವೋರಿ ಸದಸ್ಯನು ತಾರೆಹಾ. 1868ರ ಆಗಸ್ಟಿನಲ್ಲಿ ಅವನು ತನ್ನ ನುಡಿಯಲ್ಲಿಯೇ ಮಾತನಾಡಿದನು. ದುಭಾಷಿಯು ಅದನ್ನು ಇಂಗ್ಲಿಷಿಗೆ ತಿರುಗಿಸಿದನು. ಸದಸ್ಯರು ಶ್ರಮಿಸಿ, ಒಳಿತನ್ನು ಬೆಳೆಸುವಂತಹ ವಿವೇಕದ ಕಾನೂನುಗಳನ್ನು ಮಾಡಬೇಕೆಂಬುದು ಆ ಮಾತಿನ ಸಾರ. ಸಭೆಯ ನಡವಳಿಕೆಗಳು ಇಂಗ್ಲಿಷಿನಲ್ಲಿ, ಮಸೂದೆಗಳು ಇಂಗ್ಲಿಷಿನಲ್ಲಿ. ಚರ್ಚೆಯ ಮಧ್ಯೆ ಏಳುವ ಉತ್ತರ ಪ್ರತ್ಯುತ್ತರಗಳು ದುಭಾಷಿಯ ಬಾಯಿಯನ್ನು ಕಾಯುವಂತಿರಲಿಲ್ಲ. ತರ್ಕದಲ್ಲಿ ಸಮಯಕ್ಕೆ ಸರಿಯಾಗಿ ಬಾರದ ಮಾತು ಆಡದ ಮಾತಿಗೆ ಸಮವೆಂಬುದು ವಾಕ್ಯಾರ್ಥ ಸಭೆಗಳನ್ನು ಕಂಡವರಿಗೆ ತಿಳಿದ ವಿಷಯ. ಹೊರಗೆ ಅದೇ ವರ್ಷ ಟಿಟೊಕೊವಾರು ಮತ್ತು ತೆ ಕೂಟಿ ಎಂಬ ನಾಯಕರೊಡನೆ ಯುದ್ಧ ನಡೆದಿತ್ತು. ತಮ್ಮ ಜನಾಂಗದವರ ಮೇಲೆಯೇ ಸೈನ್ಯ ಹೊರಟ ಕಾಲದಲ್ಲಿ, ಅದಕ್ಕೆ ಹಣ ಮಂಜೂರು ಮಾಡುವ ಸಭೆಯಲ್ಲಿ ಈ ನಾಲ್ವರು ಕುಳಿತಿದ್ದರು.

1870ರ ಕೊನೆಯಲ್ಲಿ ಸಂಸತ್ತು ವಿಸರ್ಜಿತವಾಯಿತು. ಮುಂದಿನ ಸಭೆಗೆ ನಾಲ್ವರಲ್ಲಿ ಒಬ್ಬರೂ ಮರಳಲಿಲ್ಲ. ಪೂರ್ವಕ್ಕೆ ಕರೈತಿಯಾನ ತಕಮೋಅನ, ಪಶ್ಚಿಮಕ್ಕೆ ವೀ ಪರಾತ ಬಂದರು. ತಾತ್ಕಾಲಿಕವೆಂದಿದ್ದ ಸ್ಥಾನಗಳು 1872ರಲ್ಲಿ ಮುಂದುವರಿದು, 1876ರಲ್ಲಿ ಶಾಶ್ವತವಾದವು. 1870ರ ಕಾಯಿದೆಯಿಂದ ಬಿಳಿಯರಿಗೆ ಗುಪ್ತ ಮತದಾನವು ಬಂದಿತು. ಮಾವೋರಿಗಳು ಮಾತ್ರ ತಮ್ಮ ಆಯ್ಕೆಯನ್ನು ಅಧಿಕಾರಿಯೆದುರು ಬಹಿರಂಗವಾಗಿಯೇ ಹೇಳುತ್ತ 1937ರ ಕಾಯಿದೆಯವರೆಗೆ ಕಾಯಬೇಕಾಯಿತು. ಜನಸಂಖ್ಯೆ ಎಷ್ಟು ಬೆಳೆದರೂ ನಾಲ್ಕು ನಾಲ್ಕಾಗಿಯೇ ಉಳಿಯಿತು. ಅದು ಐದಾದದ್ದು 1996ರ ಚುನಾವಣೆಯಲ್ಲಿ. 2002ರಿಂದ ಈಚೆಗೆ ಏಳು.