ಎಡಬಲಗಳ ಸಮತೂಕ

ಮನುಷ್ಯನಿಗೆ ಎರಡು ಕಿವಿಗಳಿರುವುದು ಕೇವಲ ಅಂದಕ್ಕಾಗಿ ಅಲ್ಲ. ಎಲ್ಲಿಯೋ ಮೊಳಗಿದ ಗಂಟೆ ಎಡಗಡೆಯದೋ ಬಲಗಡೆಯದೋ ಎಂಬುದನ್ನು ಅವನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲನು. ಎಡಗಡೆಯಿಂದ ಬಂದ ಧ್ವನಿ ಬಲಗಿವಿಗಿಂತ ಎಡಗಿವಿಯನ್ನು ಮೊದಲು ಮುಟ್ಟುತ್ತದೆ; ಅಲ್ಲಿ ತುಸು ಗಟ್ಟಿಯಾಗಿಯೂ ಕೇಳಿಸುತ್ತದೆ. ಈ ಕಾಲದ ಅಂತರ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಇಷ್ಟು ಅಲ್ಪ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ಗ್ರಹಿಸುತ್ತದೆ.

ಕಿವಿಯ ಈ ಶಕ್ತಿಯನ್ನು ಬಳಸಿಕೊಂಡು ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್ 1931ರಲ್ಲಿ ಸ್ಟೀರಿಯೊ ಧ್ವನಿವಿಧಾನದ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಈ ವಿಧಾನದಲ್ಲಿ ಎರಡು ಸಂಕೇತಗಳು ಬೇರೆ ಬೇರೆ ಮಾರ್ಗಗಳಲ್ಲಿ ಹರಿದು, ವರ್ಧಕದಲ್ಲಿ ಬಲಗೊಂಡು, ಎರಡು ಸ್ಪೀಕರುಗಳನ್ನು ತಲಪುತ್ತವೆ. ಎರಡೂ ಸಮವಾಗಿದ್ದರೆ ಗಾಯಕನು ನಡುವೆ ಕುಳಿತು ಹಾಡುತ್ತಿರುವಂತೆ ತೋರುತ್ತದೆ. ಒಂದು ಕುಗ್ಗಿದರೆ ಅವನು ಇನ್ನೊಂದು ಬದಿಗೆ ಸರಿದಂತಾಗುತ್ತದೆ.

ಧ್ವನಿಯನ್ನು ಏರಿಸಿ ಇಳಿಸುವ ಗುಂಡಿ ಹೊರಗೆ ಒಂದೇ ಆದರೂ ಒಳಗೆ ಎರಡು ಇಂಗಾಲದ ಪಟ್ಟಿಗಳಿರುತ್ತವೆ. ಒಂದೇ ದಂಡಕ್ಕೆ ಸೇರಿದ ಎರಡು ಲೋಹದ ನಾಲಗೆಗಳು ಇವುಗಳ ಮೇಲೆ ಜಾರುತ್ತವೆ. ನಾಲಗೆ ಸರಿದಂತೆ ರೋಧವು ಬದಲಾಗಿ, ಮುಂದೆ ಸಾಗುವ ಸಂಕೇತವೂ ಬದಲಾಗುತ್ತದೆ. ಧ್ವನಿಯ ಶಕ್ತಿ ಹತ್ತು ಪಟ್ಟಾದರೂ ಕಿವಿಗೆ ಅದು ಸುಮಾರು ಎರಡು ಪಟ್ಟಾದಂತೆ ಮಾತ್ರ ಕೇಳಿಸುತ್ತದೆ. ಆದುದರಿಂದ ಪಟ್ಟಿಯ ರೋಧವು ಮೊದಲು ಮೆಲ್ಲಗೆ, ಅನಂತರ ವೇಗವಾಗಿ ಏರುವಂತೆ ಅದನ್ನು ತಯಾರಿಸುತ್ತಾರೆ. ಇಂತಹ ಎರಡು ಪಟ್ಟಿಗಳು ಎಲ್ಲೆಡೆಯೂ ಒಂದನ್ನೊಂದು ಹೋಲುವಂತೆ ಮಾಡುವುದು ಕಷ್ಟ. ಒಂದು ಪಟ್ಟಿಯಲ್ಲಿ 20,000 ಓಮ್, ಇನ್ನೊಂದರಲ್ಲಿ 20,050 ಓಮ್ ಇದ್ದರೆ ಆ ವ್ಯತ್ಯಾಸ ಯಾರಿಗೂ ತಿಳಿಯದು. ಆದರೆ ಗುಂಡಿಯ ಆರಂಭದಲ್ಲಿ ಒಂದು 100, ಇನ್ನೊಂದು 150 ಓಮ್ ಆದರೆ ಅದೇ 50 ಓಮ್ ಸುಮಾರು 3.5 ಡೆಸಿಬೆಲ್ ಅಂತರವನ್ನುಂಟುಮಾಡುತ್ತದೆ. ಮೆಲುದನಿಯಲ್ಲಿಯೇ ಸಮತೂಕ ತಪ್ಪುವುದು ಇದರಿಂದ.

ಹಾಗೆಂದು ದೋಷವೆಲ್ಲ ಗುಂಡಿಯದೇ ಎಂದು ತೀರ್ಮಾನಿಸಬಾರದು. ಮೊದಲು ಎರಡು ಸ್ಪೀಕರುಗಳಿಗೂ ಸಮದೂರದಲ್ಲಿ ಕುಳಿತು ಸುದ್ದಿವಾಚನವನ್ನು ಕೇಳಬೇಕು. ಓದುವವರ ದನಿ ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲಿಯೂ ಸಮವಾಗಿರುತ್ತದೆ. ಅನಂತರ ಸ್ಪೀಕರುಗಳಿಗೆ ಬೆನ್ನು ಮಾಡಿ ಕೇಳಬೇಕು. ಆಗಲೂ ಅದೇ ಕಿವಿಗೆ ದನಿ ಕಡಿಮೆಯಾಗಿ ಕೇಳಿಸಿದರೆ, ಪರೀಕ್ಷೆಯಾಗಬೇಕಾದುದು ಯಂತ್ರವಲ್ಲ, ಕಿವಿ. ಅಂಥವರು ತಡಮಾಡದೆ ವೈದ್ಯರನ್ನು ಕಾಣಬೇಕು.

ಕಿವಿಯಲ್ಲಿ ದೋಷವಿಲ್ಲವೆಂದಾದರೆ, ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ವರ್ಧಕದ ಹಿಂಬದಿಯಲ್ಲಿ ಎರಡು ಸ್ಪೀಕರುಗಳ ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಬೇಕು. ಮೊದಲಿನ ಸ್ಪೀಕರೇ ಕುಗ್ಗಿದ್ದರೆ ದೋಷವು ಅದರಲ್ಲಿ ಅಥವಾ ಅದರ ತಂತಿಯಲ್ಲಿದೆ. ಇನ್ನೊಂದು ಕುಗ್ಗಿದರೆ ಸ್ಪೀಕರುಗಳು ನಿರ್ದೋಷಿಗಳು. ಆಗ ಸ್ಪೀಕರು ತಂತಿಗಳನ್ನು ಮೊದಲಿನಂತೆ ಜೋಡಿಸಿ, ವರ್ಧಕಕ್ಕೆ ಸಂಕೇತವನ್ನು ತರುವ ಎರಡು ತಂತಿಗಳನ್ನು ವರ್ಧಕದ ತುದಿಯಲ್ಲಿ ಅದಲುಬದಲು ಮಾಡಬೇಕು. ದೋಷವು ಬದಿ ಬದಲಿಸಿದರೆ ಅದು ಧ್ವನಿಯ ಮೂಲದಲ್ಲಿ ಅಥವಾ ಆ ತಂತಿಗಳಲ್ಲಿದೆ. ಬದಲಿಸದಿದ್ದರೆ ವರ್ಧಕದಲ್ಲಿಯೇ ಇದೆ.

ಕೊನೆಗೆ ಗುಂಡಿಯನ್ನು ನಿಧಾನವಾಗಿ ತಿರುಗಿಸಿ ಕೇಳಬೇಕು. ಕರಕರ ಸದ್ದಿನೊಡನೆ ಧ್ವನಿ ಬಂದು ಹೋಗುತ್ತಿದ್ದರೆ ಪಟ್ಟಿಯ ಮೇಲೆ ಕೊಳೆ ಕುಳಿತಿದೆ ಎಂದರ್ಥ. ಇದನ್ನು ಶುಚಿಮಾಡಲೆಂದೇ ತಯಾರಾದ ದ್ರವವುಂಟು. ಅಡುಗೆಯ ಎಣ್ಣೆ ಸಲ್ಲದು. ಸದ್ದಿಲ್ಲದೆ, ಮೆಲುದನಿಯಲ್ಲಿ ಮಾತ್ರ ಒಂದು ಬದಿ ಕುಗ್ಗಿ, ಗುಂಡಿ ಏರಿದಂತೆ ಸರಿಹೋದರೆ ಪಟ್ಟಿಗಳೇ ಅಸಮವಾಗಿವೆ. ಶುಚಿಮಾಡಿ ಪ್ರಯೋಜನವಿಲ್ಲ. ಮೂಲದ ಸಂಕೇತವನ್ನು ತಗ್ಗಿಸಿ ಗುಂಡಿಯನ್ನು ನಡುಭಾಗದಲ್ಲಿ ಬಳಸಬೇಕು; ಇಲ್ಲವೇ ಉತ್ತಮವಾದ ಬೇರೊಂದು ಗುಂಡಿಯನ್ನು ಹಾಕಿಸಬೇಕು. ಪ್ಲಗ್ಗನ್ನು ಕಿತ್ತ ಮೇಲೆಯೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಕೆಲಕಾಲ ಉಳಿದಿರುವುದರಿಂದ ವರ್ಧಕವನ್ನು ಬಲ್ಲವರೇ ತೆರೆಯಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ದೋಷವು ಅದರೊಡನೆ ಸರಿಯಿತೋ ಇದ್ದಲ್ಲಿಯೇ ನಿಂತಿತೋ ಎಂದು ನೋಡುವುದು—ಈ ಪರೀಕ್ಷೆಯ ತಿರುಳು ಇಷ್ಟೇ. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ದೋಷ ನೀಗಿದರೂ ಕಾರಣ ತಿಳಿಯದು. ಅವಸರದವನು ಅಗ್ಗದ ಗುಂಡಿಯೊಂದರ ತಪ್ಪಿಗೆ ಬೆಲೆಬಾಳುವ ಸ್ಪೀಕರನ್ನು ಹೊರಗೆಸೆಯುತ್ತಾನೆ. ತಾಳ್ಮೆಯುಳ್ಳವನು ತಪ್ಪಿರುವ ಸ್ಥಳವನ್ನು ಕಂಡುಹಿಡಿದು ಅದನ್ನಷ್ಟೇ ತಿದ್ದುತ್ತಾನೆ.